ಮ್ಯಾಕ್‌ಬೆತ್ ಮತ್ತು ತೊಗರಿ ಧಾರಣಿ

ಬೀದರಿನ ಗಾಂಧಿ ಗಂಜಿನಲ್ಲಿ ಬಾಯಿಪಾಠಕ್ಕೆ ಒಳ್ಳೆಯ ಬೆಲೆ ಇದೆ. ನಿನ್ನೆ ಲಾತೂರಿನಲ್ಲಿ ಸೋಯಾ ಎಷ್ಟಕ್ಕೆ ಹೋಯಿತು, ಉದಗೀರಿನಲ್ಲಿ ಹೆಸರು ಎಲ್ಲಿಗೆ ನಿಂತಿತು, ಕಲಬುರಗಿಯಲ್ಲಿ ತೊಗರಿ ಯಾಕೆ ಮಲಗಿತು ಎಂಬುದನ್ನು ಮೊಬೈಲ್ ನೋಡದೆ ಹೇಳುವವನಿಗೆ ಯಾವ ಅಡತಿ ಅಂಗಡಿಗೆ ಹೋದರೂ ಚಹಾ ಪುಕ್ಕಟೆ. ಹಳೆಯ ಉದ್ರಿಯನ್ನು ಖಾತೆ ತೆರೆಯದೆ ರೂಪಾಯಿ ಲೆಕ್ಕದಲ್ಲಿ ಹೇಳುವ ಮುನೀಮನಿಗೆ ದೀಪಾವಳಿಯಲ್ಲಿ ಧೋತರದ ಜೋಡಿ. ಶೇಕ್ಸ್‌ಪಿಯರನ ನಾಟಕದ ಮಾತು ಬಾಯಿಗೆ ಬರುತ್ತದೆ ಎಂದರೆ ಮಾತ್ರ ಯಾರೂ ಏನೂ ಕೊಡುವುದಿಲ್ಲ. ನನಗೆ ಎರಡೂ ಬರುತ್ತವೆ. ಹೊಟ್ಟೆ ತುಂಬಿಸಿದ್ದು ಮೊದಲನೆಯದು. ಎರಡನೆಯದು ರಾತ್ರಿ ಎಚ್ಚರವಾದಾಗ ಕೆಲಸಕ್ಕೆ ಬಂದಿದೆ. ಅದೂ ನಿದ್ದೆ ತರಿಸುವುದಕ್ಕಲ್ಲ, ಏಕೆಂದರೆ ನಾನು ಓದಿದ ನಾಟಕ ಮ್ಯಾಕ್‌ಬೆತ್, ಅದರಲ್ಲಿ ನೆಟ್ಟಗೆ ನಿದ್ದೆ ಮಾಡಲು ಹೋದವನನ್ನೇ ಕೊಲ್ಲುತ್ತಾರೆ.

ನಾನು ಬಿ.ಎ. ಓದುವ ಕಾಲಕ್ಕೆ ಗುಲ್ಬರ್ಗಾ ವಿಶ್ವವಿದ್ಯಾಲಯ ಇನ್ನೂ ಹುಟ್ಟಿರಲಿಲ್ಲ, ಅದು 1980ರದು. ನಮ್ಮ ಉತ್ತರಪತ್ರಿಕೆಗಳು ಧಾರವಾಡದ ಹಾದಿ ಹಿಡಿಯುತ್ತಿದ್ದವು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ, ಗಂಜಿನಲ್ಲಿ ಅರ್ಧ ಮರಾಠಿ ಅರ್ಧ ತೆಲುಗು ಆಡುವ ಹುಡುಗ ಅದರ ಮೇಲೆ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡಾಗ ಅಪ್ಪ ಕೇಳಿದ್ದು ಒಂದೇ ಮಾತು: “ಇದಕ್ಕ ಧಾರಣಿ ಏನದ?” ನಾನು ಉತ್ತರ ಕೊಡಲಿಲ್ಲ. ಪದವಿ ಮುಗಿದ ಮೇಲೆ ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತು ರೋಜು ಕಿರ್ದಿ ಬರೆಯತೊಡಗಿದಾಗ ಅಪ್ಪನಿಗೆ ಉತ್ತರ ತಾನಾಗಿಯೇ ಸಿಕ್ಕಿತು.

ಆಗಿನ ಪರೀಕ್ಷೆಯಲ್ಲಿ ಒಂದು ಖಾಯಂ ಪ್ರಶ್ನೆ. ನಾಟಕದಿಂದ ಎರಡು ಸಾಲು ಕಿತ್ತು ಮುಂದಿಟ್ಟು, ಇದನ್ನು ಯಾರು ಯಾರಿಗೆ ಯಾವಾಗ ಹೇಳಿದರು, ಇದರ ಸ್ವಾರಸ್ಯವೇನು ಎಂದು ಕೇಳುವುದು. ಕನ್ನಡ ಪತ್ರಿಕೆಯಲ್ಲೂ ಅದೇ ಪದ್ಧತಿ. ಆ ಒಂದು ಪ್ರಶ್ನೆ ಇಲ್ಲದಿದ್ದರೆ ನಮ್ಮ ರಾಜ್ಯದ ಅರ್ಧ ಜನ ಪದವೀಧರರಾಗುತ್ತಿರಲಿಲ್ಲ. ಉತ್ತರಪ್ರದೇಶದ ಕಡೆ ಅಚ್ಚಾಗಿ ಬರುತ್ತಿದ್ದ, ಮುಟ್ಟಿದರೆ ಕೈಗೆ ಮಸಿ ಹತ್ತುವ ಗೈಡುಗಳಲ್ಲಿ ಇಂಥ ಸಾಲುಗಳೆಲ್ಲ ಒಟ್ಟಿಗೆ ಸಿಗುತ್ತಿದ್ದವು. ನಾಟಕ ಓದುವ ಗೋಜೇ ಇಲ್ಲ. ನಮ್ಮ ತರಗತಿಯ ಒಬ್ಬ ಜಾಣ ಗೈಡನ್ನೂ ಓದದೆ ಒಂದೇ ಒಂದು ವಾಕ್ಯ ತಯಾರು ಮಾಡಿಟ್ಟುಕೊಂಡಿದ್ದ: ಈ ಮಾತಿನಲ್ಲಿ ನಾಯಕನ ಮಹತ್ವಾಕಾಂಕ್ಷೆಯೂ ಪಾಪಭೀತಿಯೂ ಏಕಕಾಲಕ್ಕೆ ವ್ಯಕ್ತವಾಗಿವೆ. ಕಠಾರಿಯ ಮಾತಿರಲಿ, ಮಾಟಗಾತಿಯರ ಹಂಡೆಯ ಮಾತಿರಲಿ, ಅದನ್ನೇ ಬರೆದ. ಅಂಕ ಬಂದವು. ಜೂಲಿಯಸ್ ಸೀಸರ್‌ಗೆ ಬರೆದ, ಬ್ರೂಟಸ್‌ಗೂ ಹೊಂದಿತು. ಕನ್ನಡ ಪತ್ರಿಕೆಯಲ್ಲಿ ರನ್ನನ ದುರ್ಯೋಧನನಿಗೂ ಬರೆದ. ಅಲ್ಲಿ ಇನ್ನೂ ಒಂದು ಅಂಕ ಜಾಸ್ತಿ. ಆತ ಮುಂದೆ ಸರ್ಕಾರಿ ನೌಕರಿ ಹಿಡಿದು, ಅದೇ ಬಗೆಯ ವಾಕ್ಯಗಳಿಂದ ಕಡತಗಳನ್ನು ವಿಲೇವಾರಿ ಮಾಡಿ, ಗೌರವದಿಂದ ನಿವೃತ್ತನಾದ.

ಇದೆಲ್ಲ ನಮ್ಮ ದೇಶದ ರೋಗ, ಇಂಗ್ಲೆಂಡಿನವರು ಹೀಗಲ್ಲ, ಅವರು ನಾಟಕವನ್ನು ನಾಟಕವಾಗಿ ಓದುತ್ತಾರೆ ಎಂದು ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಕೆಡಿಸಿದವಳು ನಮ್ಮಣ್ಣನ ಮೊಮ್ಮಗಳು. ಅವಳಪ್ಪ ಕಂಪ್ಯೂಟರ್ ಕೆಲಸಕ್ಕೆಂದು ಅತ್ತ ಹೋದವನು ಅಲ್ಲೇ ನೆಲೆನಿಂತ. ಹುಡುಗಿ ಹತ್ತನೇ ತರಗತಿಗೆ ಸಮನಾದ ಅಲ್ಲಿನ ಜಿ.ಸಿ.ಎಸ್.ಇ. ಪರೀಕ್ಷೆಗೆ ಕೂತಿದ್ದಾಳೆ. ಒಂದು ಭಾನುವಾರ ವಿಡಿಯೋ ಕರೆಯಲ್ಲಿ, “ಮುತ್ಯಾ, ನೀವು ಮ್ಯಾಕ್‌ಬೆತ್ ಓದೀರಂತ ಅಪ್ಪ ಹೇಳ್ದ. ಖರೇನಾ?” ಎಂದಳು. ಖರೇ ಎಂದೆ. ಆಕೆ ಅಂಗೈಯಗಲದ ಚೀಟಿಗಳ ಕಟ್ಟನ್ನು ಪರದೆಯ ಮುಂದೆ ಹಿಡಿದಳು. ಹಳದಿ ಚೀಟಿ ಮಹತ್ವಾಕಾಂಕ್ಷೆಗೆ, ಕೆಂಪು ಪಾಪಪ್ರಜ್ಞೆಗೆ, ಹಸಿರು ಮಾಟಗಾತಿಯರಿಗೆ. ಒಂದೊಂದರ ಮೇಲೂ ಒಂದೊಂದು ಸಾಲು. ಎಲ್ಲ ಬಾಯಿಪಾಠವಾಗಬೇಕು.

ಯಾಕವ್ವಾ, ಪುಸ್ತಕ ಕೊಡುವುದಿಲ್ಲವೇ ಎಂದೆ. ಕೊಡುವುದಿಲ್ಲ. 2015ರಲ್ಲಿ ಅಲ್ಲಿನ ಪಠ್ಯಕ್ರಮ ಬದಲಾಯಿತು. 2017ರ ಪರೀಕ್ಷೆಯಿಂದ ಪುಸ್ತಕ ಮುಚ್ಚಿಟ್ಟು ಬರೆಯಬೇಕು. ಮಾರ್ಕ್ಸ್ ಬೇಕೆಂದರೆ ನಾಟಕದ ಮಾತು ನೆನಪಿನಿಂದ ತೆಗೆಯಬೇಕು. ಹಾಗಾಗಿ ಶೇಕ್ಸ್‌ಪಿಯರ್ ಹುಟ್ಟಿದ ನಾಡಿನ ಮಕ್ಕಳು ಇವತ್ತು ನಾವು ಬೀದರಿನಲ್ಲಿ ಮಾಡಿದ್ದನ್ನೇ ಮಾಡುತ್ತಿದ್ದಾರೆ. ನಮ್ಮ ಗೈಡಿನ ಕಾಗದ ಕೆಟ್ಟದು, ಅವರ ಚೀಟಿಗೆ ಬಣ್ಣ ಇದೆ. ಅಷ್ಟೇ ಫರಕು.

ಗಂಜಿನಲ್ಲಿ ಜೀವ ತೇದವನಿಗೆ ಈ ಚೀಟಿಗಳ ವ್ಯವಹಾರ ಹೊಸದಲ್ಲ. ತೊಗರಿಯ ಚೀಲ ಕೊಳ್ಳುವವನು ಚೀಲವನ್ನೆಲ್ಲ ಸುರಿದು ನೋಡುವುದಿಲ್ಲ. ಸಲಾಕೆ ಚುಚ್ಚಿ, ಹೊರಬಂದ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ, ಒಂದನ್ನು ಹಲ್ಲಿಗೆ ಹಾಕಿ ಕಟ್ ಎನಿಸಿ ಬೆಲೆ ಹೇಳುತ್ತಾನೆ. ಮಾದರಿ ಎನ್ನುವುದು ಅದು. ಉದ್ಧರಣೆಯೂ ಅದೇ: ಇಡೀ ನಾಟಕದಿಂದ ಎತ್ತಿದ ಒಂದು ಹಿಡಿ. ತಪ್ಪೇನಿಲ್ಲ. ಆದರೆ ಬಲ್ಲ ಸಾಹುಕಾರ ಚೀಲದ ಬಾಯಿಗೆ ಸಲಾಕೆ ಹಾಕುವುದಿಲ್ಲ, ಅಡಿಗೆ ಹಾಕುತ್ತಾನೆ. ಬಾಯಲ್ಲಿ ಎಲ್ಲರೂ ಒಳ್ಳೆಯ ಕಾಳನ್ನೇ ಇಟ್ಟಿರುತ್ತಾರೆ. ಹುಡುಗಿಯ ಚೀಟಿಗಳನ್ನೆಲ್ಲ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: ನಮ್ಮ ಗೈಡಿನವರೂ ಅವರ ಮೇಷ್ಟ್ರುಗಳೂ ಶತಮಾನದುದ್ದಕ್ಕೂ ಚೀಲದ ಬಾಯಿಗೇ ಸಲಾಕೆ ಹಾಕಿಕೊಂಡು ಬಂದಿದ್ದಾರೆ.

ಯಾವ ಯಾವ ಚೀಟಿ ಇದ್ದವು ಎಂದು ಹೇಳಬೇಕಾಗಿಲ್ಲ, ಓದಿದವರಿಗೆ ಗೊತ್ತು. ಗಾಳಿಯಲ್ಲಿ ತೇಲುವ ಕಠಾರಿ ಇತ್ತು. ತನ್ನ ಆಸೆಗೆ ಚುಚ್ಚುಮುಳ್ಳಿಲ್ಲದೆ, ಕುದುರೆ ಹಾರಿ ಆಚೆ ಬೀಳುವ ಸವಾರನ ಮಾತಿತ್ತು. ಸಮುದ್ರವೂ ತೊಳೆಯಲಾರದ ಕೈ, ಒಂದಿಷ್ಟು ನೀರು ಸಾಕು ಎನ್ನುವ ಹೆಂಡತಿ, ಕೊನೆಗೆ ಅದೇ ಹೆಂಡತಿ ನಿದ್ದೆಯಲ್ಲಿ ನಡೆಯುತ್ತ ಕೈ ಉಜ್ಜಿ ಉಜ್ಜಿ ಸೋಲುವುದು, ಎಲ್ಲ ಇದ್ದವು. ಹೆಂಡತಿ ಸತ್ತ ಸುದ್ದಿ ಬಂದಾಗ ಗಂಡ ಆಡುವ ನಾಳೆಗಳ ಮಾತೂ ಇತ್ತು. ಅದಕ್ಕೆ ಯಾವ ಬಣ್ಣದ ಚೀಟಿ ಎಂದು ಗೊತ್ತಾಗದೆ ಹುಡುಗಿ ಬಿಳಿಯದರ ಮೇಲೆ ಬರೆದಿದ್ದಳು. ನನಗೆ ಅವಳ ಮೇಲೆ ಭರವಸೆ ಹುಟ್ಟಿದ್ದು ಆ ಬಿಳಿ ಚೀಟಿ ನೋಡಿ.

ಕೈಯ ವಿಷಯ ಸ್ವಲ್ಪ ನೋಡಿ. ಗಂಡನ ಚೀಟಿಯನ್ನು ಕೆಂಪು ಕಟ್ಟಿಗೆ ಹಾಕಬಹುದು, ಸರಿ. ಹೆಂಡತಿಯ ಮೊದಲ ಮಾತು, ನೀರು ಸಾಕು ಎನ್ನುವುದು, ಅದನ್ನು ಎಲ್ಲಿ ಹಾಕುವುದು? ಅವಳ ಧೈರ್ಯಕ್ಕೆ ಹಳದಿಯೇ, ಮುಂದೆ ಬರುವ ಹುಚ್ಚಿಗೆ ಕೆಂಪೇ? ಅದನ್ನು ಬೇರೆ ಚೀಟಿಯಲ್ಲಿ ಬರೆದುಕೊಂಡರೆ ಬರಿಯ ಮಾತು. ಎರಡು ಅಂಕ ದಾಟಿ ಬಂದು, ದೀಪ ಹಿಡಿದು ನಡೆಯುವ ಆ ರಾತ್ರಿಯ ಪಕ್ಕದಲ್ಲಿಟ್ಟರೆ ಮಾತ್ರ ಅದು ಎದೆಗೆ ತಾಗುತ್ತದೆ. ನಮ್ಮ ಹಳೆಯ ಪ್ರಶ್ನೆಪತ್ರಿಕೆ ಸಂದರ್ಭ ಕೇಳುತ್ತಿದ್ದುದು ಇದಕ್ಕೇ ಇರಬೇಕು. ನಾವು ಅದಕ್ಕೆ ಅಂಕ ಮತ್ತು ದೃಶ್ಯದ ಸಂಖ್ಯೆ ಬರೆದು ಕೈ ತೊಳೆದುಕೊಂಡೆವು. ಕೈ ತೊಳೆಯುವುದು ಎಷ್ಟು ಸುಲಭ ನೋಡಿ.

ಕನ್ನಡಕ್ಕೆ ಈ ನಾಟಕ ಬಂದದ್ದು ನಿನ್ನೆ ಮೊನ್ನೆ ಅಲ್ಲ. 19ನೇ ಶತಮಾನ ಮುಗಿಯುವ ಮೊದಲೇ ಎಂ.ಎಲ್. ಶ್ರೀಕಂಠೇಶಗೌಡರು ಅದನ್ನು ‘ಪ್ರತಾಪರುದ್ರದೇವ’ ಮಾಡಿದ್ದರು. ಡಿ.ವಿ.ಜಿ. ಅನುವಾದಿಸಿದರು, ರಾಮಚಂದ್ರದೇವರು ಅನುವಾದಿಸಿದರು. ಎಚ್.ಎಸ್. ಶಿವಪ್ರಕಾಶರು ಅದರಿಂದ ‘ಮಾರನಾಯಕ’ ಹುಟ್ಟಿಸಿದರು. ಆ ಮಾರನಾಯಕನನ್ನು ಹುಲುಗಪ್ಪ ಕಟ್ಟೀಮನಿಯವರು ಮೈಸೂರು ಜೈಲಿನ ಕೈದಿಗಳಿಂದ ಆಡಿಸಿದರು. ಕೊಲೆ, ಆಸೆ, ರಾತ್ರಿ ಬೀಳುವ ಕನಸು ಇವುಗಳ ಕುರಿತ ಮಾತುಗಳನ್ನು ಜೈಲಿನೊಳಗೆ ಕುಳಿತು ಬಾಯಿಪಾಠ ಮಾಡಿದ ಆ ಮನುಷ್ಯರಿಗೆ ಯಾವ ಬಣ್ಣದ ಚೀಟಿಯೂ ಬೇಕಾಗಿರಲಿಲ್ಲ, ಅಂಕವೂ ಇರಲಿಲ್ಲ. ಇಂಗ್ಲೆಂಡಿನ ನಾಟಕದವರು ರಂಗಮಂದಿರದೊಳಗೆ ಮ್ಯಾಕ್‌ಬೆತ್ ಎಂಬ ಹೆಸರನ್ನೇ ಎತ್ತುವುದಿಲ್ಲ, ಅಪಶಕುನವಂತೆ. ಸ್ಕಾಟ್ಲೆಂಡಿನ ನಾಟಕ ಎಂದು ಸುತ್ತಿ ಹೇಳುತ್ತಾರೆ. ನಕ್ಕುಬಿಡಬೇಡಿ. ಕಾಳು ಅಳೆಯುವಾಗ ಒಂದು ಎನ್ನದೆ ‘ಲಾಭ’ ಎಂದು ಶುರುಮಾಡುವವರು ನಾವು; ಸಂಜೆ ಅಂಗಡಿ ಮುಚ್ಚು ಎನ್ನಲಾರದೆ ‘ದುಕಾನ್ ಬಢಾವೋ’ ಎನ್ನುವ ಗಂಜಿನವರು.

ಇನ್ನು ಚೀಲದ ಅಡಿಯ ಕಾಳಿನ ವಿಷಯ. ಹುಡುಗಿಯನ್ನು ಕೇಳಿದೆ: “ಬಾಗಿಲ ಕಾಯೋನ ಮಾತು ಯಾವ ಚೀಟಿಯಾಗ ಅದ?” ಅವಳು ಹುಡುಕಿದಳು. ಯಾವುದರಲ್ಲೂ ಇರಲಿಲ್ಲ. “ಅದು ಕಾಮೆಡಿ ಅದ ಮುತ್ಯಾ. ಮಿಸ್ ಬೇಡ ಅಂದಾರ.”

ಮಿಸ್ ಒಬ್ಬರೇ ಅಲ್ಲ. ಕೋಲ್‌ರಿಜ್‌ನಂಥ ಮಹಾಕವಿಯೇ ಆ ದೃಶ್ಯ ಶೇಕ್ಸ್‌ಪಿಯರನದಲ್ಲ, ನಟರು ಜನರನ್ನು ನಗಿಸಲು ಸೇರಿಸಿದ್ದು ಎಂದು ಮೂಗು ಮುರಿದಿದ್ದ. ಸಂದರ್ಭ ಹೀಗಿದೆ. ಮನೆಗೆ ಬಂದ ಅತಿಥಿ, ಅದೂ ರಾಜ ಡಂಕನ್, ಮಲಗಿದಲ್ಲೇ ಕೊಲೆಯಾಗಿದ್ದಾನೆ. ಗಂಡ ಹೆಂಡತಿಯ ಕೈ ಕೆಂಪಗಿದೆ. ಅಷ್ಟರಲ್ಲಿ ಕೋಟೆ ಬಾಗಿಲು ಯಾರೋ ಬಡಿಯುತ್ತಾರೆ. ಆ ಬಡಿತ ಕೇಳಿದಾಗ ತನಗೇಕೆ ಹಾಗೆ ಮೈ ಜುಮ್ಮೆಂದಿತು ಎಂದು ಯೋಚಿಸಿ ಡಿ ಕ್ವಿನ್ಸಿ 1823ರಲ್ಲಿ ಒಂದು ಪ್ರಬಂಧವನ್ನೇ ಬರೆದ. ಬಾಗಿಲು ತೆರೆಯಬೇಕಾದ ಕಾವಲುಗಾರನೋ ರಾತ್ರಿಯೆಲ್ಲ ಕುಡಿದಿದ್ದಾನೆ. ಬಡಿತ ಕೇಳುತ್ತ ಕೇಳುತ್ತ, ತಾನು ನರಕದ ದ್ವಾರಪಾಲಕ, ಒಳಬರುವವರನ್ನು ತಾನೇ ಒಬ್ಬೊಬ್ಬರಾಗಿ ಬಿಟ್ಟುಕೊಳ್ಳುತ್ತಿದ್ದೇನೆ ಎಂದು ಕಲ್ಪಿಸಿಕೊಳ್ಳುತ್ತಾನೆ. ಮೊದಲು ಬರುವವನು ಯಾರು ಗೊತ್ತೇ? ರಾಜದ್ರೋಹಿಯಲ್ಲ, ಕೊಲೆಗಡುಕನಲ್ಲ. ಧಾನ್ಯ ಕೂಡಿಟ್ಟುಕೊಂಡ ಒಬ್ಬ ಒಕ್ಕಲಿಗ. ಬರ ಬೀಳುತ್ತದೆ, ಧಾರಣಿ ಏರುತ್ತದೆ ಎಂದು ಕಾದವನು, ಒಳ್ಳೆಯ ಬೆಳೆ ಬರುವ ಲಕ್ಷಣ ಕಂಡು ನೇಣು ಹಾಕಿಕೊಂಡಿದ್ದಾನೆ. ನರಕದ ಬಾಗಿಲಲ್ಲಿ ಮೊದಲ ಪಾಳಿ ಅವನದು.

ಗಾಂಧಿ ಗಂಜಿನಲ್ಲಿ ಕುಳಿತು ಇದನ್ನು ಓದಿದವನಿಗೆ ಕಠಾರಿ, ಭೂತ, ಮಾಟಗಾತಿ ಎಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತವೆ.

ಪಂಡಿತರು ಇದಕ್ಕೊಂದು ಒಳಗುಟ್ಟು ಹೇಳುತ್ತಾರೆ. 1605ರಲ್ಲಿ ಲಂಡನ್ನಿನ ಪಾರ್ಲಿಮೆಂಟಿಗೆ ಮದ್ದಿಟ್ಟು ಹಾರಿಸಲು ನಡೆದ ಸಂಚಿನಲ್ಲಿ ಹೆನ್ರಿ ಗಾರ್ನೆಟ್ ಎಂಬ ಪಾದ್ರಿ ಸಿಕ್ಕಿಬಿದ್ದು 1606ರ ಮೇ ತಿಂಗಳಲ್ಲಿ ಗಲ್ಲಿಗೇರಿದ; ಅವನು ಮರೆಮಾಚಿಕೊಂಡು ತಿರುಗುವಾಗ ಇಟ್ಟುಕೊಂಡಿದ್ದ ಹೆಸರುಗಳಲ್ಲಿ ಫಾರ್ಮರ್ ಎಂಬುದೂ ಒಂದು. ನೆರೆದವರು ಅದಕ್ಕೇ ನಕ್ಕಿರಬಹುದು. ಇರಲಿ. ನನಗೆ ಹೆಚ್ಚು ರುಚಿಸುವ ಗುಟ್ಟು ಬೇರೆ. 1594ರಿಂದ ನಾಲ್ಕು ವರ್ಷ ಇಂಗ್ಲೆಂಡಿನಲ್ಲಿ ಬೆಳೆ ಕೆಟ್ಟಿತ್ತು. ಯಾರ ಮನೆಯಲ್ಲಿ ಎಷ್ಟು ಧಾನ್ಯ ಕೂಡಿದೆ ಎಂದು ಸರ್ಕಾರ ಲೆಕ್ಕ ತೆಗೆಸಿತು. 1598ರ ಫೆಬ್ರವರಿಯಲ್ಲಿ ಸ್ಟ್ರಾಟ್‌ಫರ್ಡ್ ಊರಿನಲ್ಲಿ ಬರೆದ ಆ ಪಟ್ಟಿ ಇನ್ನೂ ಉಳಿದಿದೆ. ಅದರಲ್ಲಿ ಒಬ್ಬ ಮನೆಯೊಡೆಯನ ಹೆಸರಿನ ಮುಂದೆ ಹತ್ತು ಕ್ವಾರ್ಟರ್ ದಾಸ್ತಾನು ಎಂದಿದೆ. ನಮ್ಮ ಲೆಕ್ಕಕ್ಕೆ ತಂದರೆ ಹದಿನೈದು ಕ್ವಿಂಟಲ್ ಆಸುಪಾಸು. ಮನೆಯೊಡೆಯನ ಹೆಸರು ವಿಲಿಯಂ ಶೇಕ್ಸ್‌ಪಿಯರ್.

ಇದನ್ನು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಹೇಳಿದಾಗ ಬಂದ ಗೌರವ, ನಾಟಕದ ಯಾವ ಮಾತು ಹೇಳಿದಾಗಲೂ ಬಂದಿರಲಿಲ್ಲ. “ಹಂಗಾದ್ರ ನಮ್ಮಂವನೇ ಅದಾನಲ್ರೀ” ಎಂದರು ಪಕ್ಕದ ಅಂಗಡಿಯ ಸೇಠ್. ಹದಿನೈದು ಕ್ವಿಂಟಲ್ ಅಂದರೆ ಮಾತ್ರ ಅವರಿಗೆ ಸ್ವಲ್ಪ ನಿರಾಸೆ. ನಮ್ಮ ಸರ್ಕಾರ 2023ರ ಜೂನ್‌ನಲ್ಲಿ ತೊಗರಿ ಉದ್ದಿಗೆ, 2024ರ ಜೂನ್‌ನಲ್ಲಿ ತೊಗರಿ ಕಡಲೆಗೆ ದಾಸ್ತಾನು ಮಿತಿ ಹಾಕಿದಾಗ ಸಗಟು ವ್ಯಾಪಾರಿಗೆ ಕೊಟ್ಟ ಅವಕಾಶವೇ ಒಂದೊಂದು ಕಾಳಿಗೆ 200 ಟನ್. ಚಿಲ್ಲರೆಯವನಿಗೆ 5 ಟನ್. ಆ ಲೆಕ್ಕದಲ್ಲಿ ಶೇಕ್ಸ್‌ಪಿಯರ್ ಕಿರಾಣಿ ಅಂಗಡಿಯವನಿಗಿಂತ ಸಣ್ಣ ಕುಳ. ತಪಾಸಣೆಗೆ ಬಂದವರು ಚಹಾ ಕುಡಿದು ಹೋಗುತ್ತಿದ್ದರು. ಆದರೂ ಗಮನಿಸಿ, ತಾನು ಮಾಡಿದ್ದನ್ನೇ ಮಾಡಿದವನನ್ನು ನರಕದ ಬಾಗಿಲಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದಾನೆ. ಪಾಪಪ್ರಜ್ಞೆಯ ಕೆಂಪು ಚೀಟಿ ಹುಡುಕುವವರು ಇಲ್ಲಿ ಒಮ್ಮೆ ನೋಡಬಹುದಿತ್ತು.

ಕೂಡಿಡುವವನ ಕಷ್ಟ ಗಂಜಿನ ಹೊರಗಿನವರಿಗೆ ತಿಳಿಯದು. 2015ರ ಕೊನೆಗೆ ತೊಗರಿಬೇಳೆ ಕಿಲೋಕ್ಕೆ 200 ರೂಪಾಯಿ ಮುಟ್ಟಿತು. ದೇಶದ ತುಂಬ ಗದ್ದಲ. ಆಗ ನನ್ನ ಪರಿಚಯದ ಒಬ್ಬ ಸಾಹುಕಾರರು ಇನ್ನೂ ಏರುತ್ತದೆ ಎಂದು ಗೋದಾಮು ತುಂಬಿಸಿಕೊಂಡರು. ಸುಮ್ಮನೆ ತುಂಬಿಸಲಿಲ್ಲ, ಜ್ಯೋತಿಷಿಯನ್ನು ಕೇಳಿಯೇ ತುಂಬಿಸಿದ್ದು. ಆತ ಕವಡೆ ಹಾಕಿ, ಬರುವ ಇಡೀ ವರ್ಷ ನಿಮ್ಮ ಗೋದಾಮು ಖಾಲಿ ಎಂಬುದನ್ನೇ ಕಾಣುವುದಿಲ್ಲ ಎಂದಿದ್ದ. ಅಷ್ಟರಲ್ಲಿ ಹಿಂದಿನ ಬೆಲೆ ನೋಡಿದ ರೈತರೆಲ್ಲ ತೊಗರಿಯನ್ನೇ ಬಿತ್ತಿದರು, ಮಳೆಯೂ ಕೈಹಿಡಿಯಿತು. ದೇಶದ ತೊಗರಿ 2015-16ರಲ್ಲಿ 25 ಲಕ್ಷ ಟನ್ ಚಿಲ್ಲರೆ ಇದ್ದದ್ದು ಮರುವರ್ಷ 48 ಲಕ್ಷ ಟನ್ ದಾಟಿತು. ಧಾರಣಿ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿಗೂ ಕೆಳಗೆ ಕುಸಿಯಿತು. ಕೊಳ್ಳುವವರಿಲ್ಲ. ಜ್ಯೋತಿಷಿಯ ಮಾತು ಅಕ್ಷರಶಃ ನಿಜವಾಯಿತು, ಗೋದಾಮು ವರ್ಷವಿಡೀ ಖಾಲಿಯಾಗಲಿಲ್ಲ. ಕಾಡು ಎದ್ದು ನಡೆದು ಬರುವವರೆಗೆ ನಿನಗೆ ಸೋಲಿಲ್ಲ ಎಂದು ಮ್ಯಾಕ್‌ಬೆತ್‌ಗೆ ಮಾಟಗಾತಿಯರ ಹಂಡೆಯಿಂದೆದ್ದ ಭೂತ ಹೇಳಿದ್ದು ಇದೇ ಜಾತಿಯ ಭವಿಷ್ಯ. ಇಂಥ ಮಾತು ಆಡುವವರಿಗೆ ದಕ್ಷಿಣೆ ಮೊದಲೇ ಕೊಡಬಾರದು.

ಸಾಹುಕಾರರು ನೇಣು ಹಾಕಿಕೊಳ್ಳಲಿಲ್ಲ, ತಿರುಪತಿಗೆ ಹೋಗಿ ಬಂದರು. ಇಲ್ಲಿ ಮಾತ್ರ ನಗು ನಿಲ್ಲಿಸಬೇಕಾಗುತ್ತದೆ. ಶೇಕ್ಸ್‌ಪಿಯರನ ಒಕ್ಕಲಿಗ ಸತ್ತದ್ದು ಧಾನ್ಯ ಕೂಡಿಟ್ಟದ್ದಕ್ಕೆ. ನಮ್ಮ ಕಡೆ ನೇಣಿಗೆ ಬಿದ್ದ ರೈತರು ಕೂಡಿಡಲಾಗದವರು. ರಾಶಿ ಕಣದಿಂದ ಏಳುವ ಮೊದಲೇ ಸಾಲದವನು ನಿಂತಿರುತ್ತಾನೆ. ಬೆಲೆ ಏರುವ ತನಕ ಕಾಯುವುದಕ್ಕೆ ಅವರ ಬಳಿ ಗೋದಾಮೂ ಇಲ್ಲ, ವೇಳೆಯೂ ಇಲ್ಲ. ಸುಗ್ಗಿ ಚೆನ್ನಾಗಿ ಆದ ವರ್ಷವೇ ಧಾರಣಿ ಬಿದ್ದು ಮುಳುಗಿದವರನ್ನು ಕಿರ್ದಿ ಬರೆಯುತ್ತ ಕೂತ ನಾನು ನೋಡಿದ್ದೇನೆ. ಪಟ್ಟಿ ಬರೆದು, ಹಮಾಲಿ, ತೂಕದ ಖರ್ಚು, ಮುಂಗಡ, ಬಡ್ಡಿ ಕಳೆದು, ಉಳಿದದ್ದನ್ನು ಅವರ ಕೈಯಲ್ಲಿಡುವಾಗ ಅವರು ಎಣಿಸುತ್ತಿರಲಿಲ್ಲ. ಕಾವಲುಗಾರನ ಆ ಎರಡು ಸಾಲು ನನಗೆ ಮರೆಯದಿರುವುದಕ್ಕೆ ಕಾರಣ ಪರೀಕ್ಷೆಯಲ್ಲ.

ಹುಡುಗಿ ಒಂದು ದಿನ ಕೇಳಿದಳು: “ನಮ್ಮ ಬೀದರ್‌ದಾಗ ಮ್ಯಾಕ್‌ಬೆತ್‌ನಂಥವ್ರು ಯಾರೂ ಆಗಿಲ್ಲೇನು ಮುತ್ಯಾ?”

ಆಗಿಲ್ಲ ಎನ್ನುವುದುಂಟೇ! ನಮ್ಮ ಜಿಲ್ಲೆಯ ಕಲ್ಯಾಣವನ್ನೇ ನೋಡಿ. 1076ರಲ್ಲಿ ಆರನೆಯ ವಿಕ್ರಮಾದಿತ್ಯ ಅಣ್ಣ ಎರಡನೆಯ ಸೋಮೇಶ್ವರನನ್ನು ಇಳಿಸಿ ಪಟ್ಟವೇರಿದ. ಆಸ್ಥಾನದ ಬಿಲ್ಹಣ ಬರೆದ ಕಾವ್ಯದಲ್ಲಿ ತಮ್ಮನಿಗೆ ರಾಜ್ಯದಾಸೆ ಕಿಂಚಿತ್ತೂ ಇರಲಿಲ್ಲ, ಶಿವನೇ ಕನಸಿನಲ್ಲಿ ಬಂದು ಅಣ್ಣನ ಮೇಲೆ ಯುದ್ಧಕ್ಕೆ ಹೋಗು ಎಂದು ಅಪ್ಪಣೆ ಕೊಟ್ಟ. ಶೇಕ್ಸ್‌ಪಿಯರ್ ಮಾಡಿದ್ದೂ ಅದೇ ಕಸಬು. ಹಾಲಿನ್‌ಷೆಡ್‌ನ ಇತಿಹಾಸದಲ್ಲಿ, ಅಂದರೆ ನಾಟಕದ ಮೂಲ ಕಥೆಯಲ್ಲಿ, ಮ್ಯಾಕ್‌ಬೆತ್‌ನ ಜೊತೆಗಾರ ಬ್ಯಾಂಕೋ ರಾಜನ ಕೊಲೆಯ ಪಾಲುದಾರ. ಆದರೆ ಸಿಂಹಾಸನದಲ್ಲಿದ್ದ ಜೇಮ್ಸ್ ದೊರೆ ತಾನು ಬ್ಯಾಂಕೋ ವಂಶದವನೆಂದು ಹೇಳಿಕೊಳ್ಳುತ್ತಿದ್ದ. ನಾಟಕದಲ್ಲಿ ಬ್ಯಾಂಕೋ ಸಜ್ಜನನಾದ. ನಿಜವಾದ ಮ್ಯಾಕ್‌ಬೆತ್ 1040ರಿಂದ 1057ರವರೆಗೆ ಹದಿನೇಳು ವರ್ಷ ಆಳಿದವನು, ಡಂಕನ್‌ನನ್ನು ಕೊಂದದ್ದೂ ಯುದ್ಧದಲ್ಲಿ. ಪಾಪ, ಅವನಿಗೊಬ್ಬ ಬಿಲ್ಹಣ ಸಿಗಲಿಲ್ಲ.

ಆದರೆ ಅಣ್ಣತಮ್ಮಂದಿರ ಜಗಳದಲ್ಲಿ ಪಾಪಪ್ರಜ್ಞೆ ಎಲ್ಲಿಂದ ಬರಬೇಕು? ಅದಕ್ಕೆ ಬೀದರಿನ ಊರೊಳಗೇ ಬರಬೇಕು, ಮದರಸಾದ ಹತ್ತಿರ. 1472ರಲ್ಲಿ ಅದನ್ನು ಕಟ್ಟಿಸಿದ ಮಹಮೂದ್ ಗವಾನ್ ಮೂಲತಃ ವ್ಯಾಪಾರಿ. ಇರಾನಿನ ಗಿಲಾನ್‌ನಿಂದ ಸರಕು ಹೊತ್ತು ಬಂದವನು; ಬಹಮನಿ ದರ್ಬಾರಿನಲ್ಲಿ ಏರುತ್ತ ಏರುತ್ತ ವಜೀರನಾದ. ಅವನ ಬಿರುದುಗಳಲ್ಲಿ ಒಂದು ‘ಮಲಿಕ್-ಉತ್-ತುಜ್ಜಾರ್’, ವ್ಯಾಪಾರಿಗಳ ದೊರೆ. ಪತ್ರ ಬರೆಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ‘ರಿಯಾಜ್-ಉಲ್-ಇನ್ಶಾ’ ಎಂಬ ಅವನ ಪತ್ರಗಳ ಸಂಗ್ರಹವೇ ಇದೆ. ಅವನ ಸಾವು ಬಂದದ್ದೂ ಪತ್ರದಿಂದಲೇ. ಏಳಿಗೆ ಸಹಿಸದ ಸರದಾರರು ಅವನ ಮೊಹರು ಕಾಯುವವನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿಕೊಂಡರು. ಒರಿಸ್ಸಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆಯುವ ಒಕ್ಕಣೆಯನ್ನು ಆಮೇಲೆ ಬರೆದರು. (ಖಾಲಿ ಕಾಗದಕ್ಕೆ ಸಹಿ ಹಾಕಬಾರದು ಎಂಬುದು ಮುನೀಮನ ಮೊದಲ ಪಾಠ. ಸಹಿ ಮಾಡಿದ ಚೆಕ್ ಪುಸ್ತಕವನ್ನು ಮುನೀಮನ ಕೈಗೆ ಕೊಟ್ಟು ಯಾತ್ರೆಗೆ ಹೋಗುವ ಸಾಹುಕಾರರಿಗೆ ನಾನು ಈ ಕಥೆ ಹೇಳುತ್ತಿದ್ದೆ. ಅವರು ಹೋಗುವುದನ್ನೇನೂ ಬಿಡಲಿಲ್ಲ.)

ಪತ್ರ ಸುಲ್ತಾನ ಮೂರನೆಯ ಮುಹಮ್ಮದ್ ಶಾಹನ ಕೈ ಸೇರಿದಾಗ ಅವನೂ ಕುಡಿದಿದ್ದ. ಗವಾನನನ್ನು ಕರೆಸಿ, ಸ್ವಾಮಿದ್ರೋಹಿಗೆ ಏನು ಶಿಕ್ಷೆ ಎಂದು ಕೇಳಿದ. ಕತ್ತಿಯೇ ಶಿಕ್ಷೆ ಎಂದ ಗವಾನ್. ಪತ್ರ ತೋರಿಸಿದರು. ಮೊಹರು ತನ್ನದು, ಬರಹ ತನ್ನದಲ್ಲ ಎಂದ. ಕೇಳುವವರಿರಲಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಬೀಡಿನಲ್ಲಿ, ಎಪ್ಪತ್ತು ದಾಟಿದ ಆ ಮುದುಕನ ತಲೆ ಬಿತ್ತು. ಇಷ್ಟಾದ ಮೇಲೆ ಸುಲ್ತಾನನಿಗೆ ನೆನಪಾದದ್ದು ವಜೀರನ ಖಜಾನೆ. ಅಷ್ಟು ದೊಡ್ಡ ಮನುಷ್ಯ ಎಷ್ಟು ಕೂಡಿಟ್ಟಿರಬೇಡ! ಖಜಾಂಚಿಯನ್ನು ಹಿಡಿದು ಕೇಳಿದರೆ ಏನೂ ಇಲ್ಲ. ಜಹಗೀರಿನ ಉತ್ಪನ್ನ ಸೈನ್ಯಕ್ಕೂ ಬಡವರಿಗೂ ಹೋಗುತ್ತಿತ್ತು. ತನ್ನ ಊಟ ಬಟ್ಟೆಗೆ, ಊರಿನಿಂದ ತಂದ ವ್ಯಾಪಾರದ ಅಸಲನ್ನು ತಿರುಗಿಸಿ ಬಂದ ಲಾಭ ಮಾತ್ರ. ಮಲಗಲು ಚಾಪೆ, ಉಣ್ಣಲು ಮಣ್ಣಿನ ಪಾತ್ರೆ. ಕೂಡಿಟ್ಟವರನ್ನೇ ಕಂಡ ಗಂಜಿನ ಕಿರ್ದಿಯಲ್ಲಿ ಇಂಥ ಖಾತೆ ನಾನು ಬರೆದಿಲ್ಲ.

ಸಂಚು ಬಯಲಾಯಿತು. ಮುಂದೆ ಒಂದು ವರ್ಷ ತುಂಬುವುದರೊಳಗೆ ಸುಲ್ತಾನನೂ ಸತ್ತ, ಇನ್ನೂ ಮೂವತ್ತು ದಾಟಿರಲಿಲ್ಲ. ಸಾಯುವಾಗ, ಗವಾನ್ ಬಂದು ತನ್ನನ್ನು ಸೀಳುತ್ತಿದ್ದಾನೆ ಎಂದು ಕೂಗಿಕೊಂಡನಂತೆ. ಹೀಗೆಂದು ಬರೆದವನು ಫೆರಿಷ್ತಾ, ವಿಜಾಪುರದಲ್ಲಿ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಕುಳಿತು. ಅವನ ಇತಿಹಾಸದ ಮೊದಲ ಪ್ರತಿ ಸಿದ್ಧವಾದದ್ದು 1606ರ ಆಸುಪಾಸಿನಲ್ಲಿ. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಇನ್ನೊಬ್ಬ, ಕೊಲೆಯಾದ ಬ್ಯಾಂಕೋನ ಭೂತವನ್ನು ಔತಣದ ಕುರ್ಚಿಯ ಮೇಲೆ ತಂದು ಕೂರಿಸುತ್ತಿದ್ದ. ಇವನಿಗೆ ಅವನ ಹೆಸರು ತಿಳಿಯದು, ಅವನಿಗೆ ಇವನ ಊರು ತಿಳಿಯದು.

ಹುಡುಗಿ ಇಷ್ಟು ಹೊತ್ತು ಸುಮ್ಮನೆ ಕೇಳಿದ್ದು ಅದೇ ಮೊದಲು. ಆಮೇಲೆ, “ಇದನ್ನ ಪರೀಕ್ಷಾದಾಗ ಬರೀಬಹುದೇನು?” ಎಂದಳು. ಬರೆದರೆ ಅಂಕ ಬರುವುದಿಲ್ಲ, ಆದರೆ ಓದುವ ಮೇಷ್ಟ್ರಿಗೆ ಒಂದು ಕ್ಷಣ ನಿದ್ದೆ ಹಾರುತ್ತದೆ ಎಂದೆ. ಅವಳು ವ್ಯವಹಾರ ಬಲ್ಲ ಮನೆತನದವಳು, ಅಂಕವೇ ಇರಲಿ ಎಂದಳು. ಆದರೆ ಬಾಗಿಲು ಕಾಯುವವನ ಮಾತನ್ನು ಚೀಟಿಗೆ ಇಳಿಸಿಕೊಂಡಿದ್ದಾಳೆ, ಅದೂ ನಾಳೆಗಳ ಮಾತಿರುವ ಬಿಳಿ ಚೀಟಿಯ ಹಿಂಬದಿಗೆ.

ಇನ್ನು ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟ್ರುಗಳಲ್ಲಿ, ಅವರು ಕಲಬುರಗಿಯಲ್ಲಿರಲಿ, ಧಾರವಾಡದಲ್ಲಿರಲಿ, ಇಂಗ್ಲೆಂಡಿನಲ್ಲೇ ಇರಲಿ, ಈ ಹಳೆಯ ಮುನೀಮನದೊಂದು ವಿನಂತಿ. ಕಠಾರಿಗೆ, ಕೈಗೆ, ಕುದುರೆ ಸವಾರನಿಗೆ ಬೇಕಾದಷ್ಟು ವರ್ಷ ಅಂಕ ಕೊಟ್ಟಿದ್ದೀರಿ. ಮುಂದಿನ ಪತ್ರಿಕೆಯಲ್ಲಿ ಒಮ್ಮೆ ಆ ಧಾನ್ಯದ ಒಕ್ಕಲಿಗನ ಸಾಲು ಹಾಕಿ, ಸಂದರ್ಭ ಸಹಿತ ಸ್ವಾರಸ್ಯ ಕೇಳಿ. ಹತ್ತು ಅಂಕ ಬೇಡ, ನಾಲ್ಕೇ ಇಡಿ. ನಮ್ಮ ಕಡೆಯ ಹುಡುಗರು ಗೈಡ್ ಇಲ್ಲದೆ ಬರೆಯುತ್ತಾರೆ.